ಅಮ್ಮ ಬಾಗಿಲಾಚೆ, ಮಗು ಗಾಜಿನ ಪೆಟ್ಟಿಗೆಯಲ್ಲಿ: ಜ್ವರದ ಕಾಲದಲ್ಲಿ ಎನ್‌ಐಸಿಯು ಒಳಗೆ ಯಾರು ಹೋಗಬಹುದು?

ಪ್ರಶ್ನೆ: ಮೇಡಂ, ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ಹೆಂಡತಿಗೆ ಬಿ.ಪಿ. ಜಾಸ್ತಿಯಾಗಿ 32 ವಾರಕ್ಕೇ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಗಂಡು ಮಗು, 1 ಕೆ.ಜಿ. 400 ಗ್ರಾಂ. ಅವತ್ತಿನಿಂದ ಎನ್‌ಐಸಿಯುನಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ. ಈಗ ಆಕ್ಸಿಜನ್ ತೆಗೆದಿದ್ದಾರೆ, ಮೂಗಿನ ನಳಿಕೆಯಲ್ಲಿ ಹಾಲು ಕೊಡುತ್ತಿದ್ದಾರೆ. ಮೊದಲ ಮೂರು ದಿನ ಹೆಂಡತಿ ಒಳಗೆ ಹೋಗಿ ಮಗುವನ್ನು ಮುಟ್ಟಿ ಬರುತ್ತಿದ್ದಳು. ನಾಲ್ಕನೇ ದಿನದಿಂದ, ಇನ್‌ಫ್ಲುಯೆಂಜಾ (ಫ್ಲೂ) ಜ್ವರ ಹರಡುತ್ತಿದೆ ಎಂದು ಯಾರನ್ನೂ ಬಿಡುತ್ತಿಲ್ಲ. ದಿನಕ್ಕೊಂದು ಸಲ ನನಗೆ ಮಾತ್ರ ಐದು ನಿಮಿಷ ಗಾಜಿನಾಚೆಯಿಂದ ತೋರಿಸುತ್ತಾರೆ. ಅವಳು ಡಿಸ್ಚಾರ್ಜ್ ಆಗಿ ಮಂಡ್ಯದ ಹತ್ತಿರ ತವರಿನಲ್ಲಿದ್ದಾಳೆ. ಎರಡು ದಿನದಿಂದ ಅವಳಿಗೂ ನೆಗಡಿ, ಆದರೆ ಜ್ವರ ಇಲ್ಲ. ನೆಗಡಿ ಹಾಲಿನಲ್ಲಿ ಇಳಿಯುತ್ತದೆ ಎಂದು ನಮ್ಮ ಅತ್ತೆ ಹಾಲು ಹಿಂಡಿ ಚೆಲ್ಲಿಸುತ್ತಿದ್ದಾರೆ. ಹಾಲೂ ಕಮ್ಮಿಯಾಗಿದೆ. ಆಸ್ಪತ್ರೆಯವರು ಡಬ್ಬಿ ಹಾಲು ಬರೆದುಕೊಟ್ಟಿದ್ದಾರೆ. ದೊಡ್ಡ ಮಗಳಿಗೆ 4 ವರ್ಷ, ಅವಳಿಗೂ ಕೆಮ್ಮು. ಇವತ್ತಿಗೆ ಮಗು ಹುಟ್ಟಿ ಒಂಬತ್ತು ದಿನ. ಆಸ್ಪತ್ರೆಯವರು ಮಾಡುತ್ತಿರುವುದು ಸರಿಯೇ? ಬೇರೆ ಕಡೆ ಸೇರಿಸೋಣವೇ? ನಮ್ಮದೇ ಜವಾಬ್ದಾರಿ ಎಂದು ಬರೆದುಕೊಟ್ಟು ಮನೆಗೇ ಕರೆತರೋಣ ಅನ್ನುತ್ತಾರೆ ನಮ್ಮ ಮಾವ. ಮಗುವಿಗೆ ನಾನು ಮರೆತುಹೋಗ್ತೀನಾ ಅಂತ ಹೆಂಡತಿ ದಿನಾ ರಾತ್ರಿ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಮೊದಲು ಹಾಲು ಚೆಲ್ಲುವುದನ್ನು ಈ ಹೊತ್ತೇ ನಿಲ್ಲಿಸಿ. ನಿಮ್ಮ ಉಳಿದ ಪ್ರಶ್ನೆಗಳು ನಾಳೆ ಬೆಳಿಗ್ಗೆಯವರೆಗೆ ಕಾಯಬಹುದು, ಇದು ಕಾಯುವುದಿಲ್ಲ.

ನೆಗಡಿ ಹಾಲಿನಲ್ಲಿ ಇಳಿಯುವುದಿಲ್ಲ. ಫ್ಲೂ ವೈರಸ್ ದಾಟುವುದು ಕೆಮ್ಮು, ಸೀನು, ಮೂಗು ಒರೆಸಿಕೊಂಡ ಕೈ ಇವುಗಳಿಂದ. ಎದೆಹಾಲಿನಿಂದ ಅಲ್ಲ. ಅತ್ತೆಯವರು ಚೆಲ್ಲಿಸುತ್ತಿರುವ ಹಾಲಿನಲ್ಲಿ ಇರುವುದು ಆ ನೆಗಡಿಗೇ ತಾಯಿಯ ಮೈ ತಯಾರಿಸುತ್ತಿರುವ ಪ್ರತಿಕಾಯ, ಅಂದರೆ ರೋಗದ ಜೊತೆ ಹೋರಾಡುವ ಶಕ್ತಿ. ಅವರ ಮೇಲೆ ಸಿಟ್ಟಾಗಬೇಡಿ. ಶೀತ ಹಾಲಿಗೆ ಇಳಿಯುತ್ತದೆ ಎಂದು ಬಾಣಂತಿಗೆ ಮೊಸರು ಬಿಡಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿದ ತಲೆಮಾರು ಅದು. ಮೊಮ್ಮಗನನ್ನು ಉಳಿಸುತ್ತಿದ್ದೇನೆ ಎಂದೇ ಅವರು ನಂಬಿದ್ದಾರೆ. ಹಾಲು ಹಿಂಡಿಸುವ ಕೆಲಸ ಅವರ ಕೈಯಲ್ಲೇ ಇರಲಿ, ಹಿಂಡಿದ್ದು ಎಲ್ಲಿಗೆ ಹೋಗಬೇಕು ಎನ್ನುವುದಷ್ಟನ್ನು ಬದಲಾಯಿಸಿ.

ಹಾಲು ಕಮ್ಮಿಯಾಗಿದೆ ಎಂದಿದ್ದೀರಿ. ಒಂದು ಲೆಕ್ಕ ಹೇಳುತ್ತೇನೆ, ಇದನ್ನು ನಿಮ್ಮ ಶ್ರೀಮತಿಗೆ ಹೇಳಿ. ಈ ತೂಕದ ಮಗುವಿಗೆ ಒಂದು ಕೆ.ಜಿ.ಗೆ ದಿನಕ್ಕೆ ಸುಮಾರು 150ರಿಂದ 180 ಮಿ.ಲೀ. ಹಾಲು ಸಾಕು. ಅಂದರೆ ನಿಮ್ಮ ಮಗುವಿಗೆ ದಿನವಿಡೀ ಬೇಕಿರುವುದು ಹೆಚ್ಚುಕಮ್ಮಿ ಕಾಲು ಲೀಟರ್. ಎಂಟು ಸಲ ಹಿಂಡಿದರೆ ಸಲಕ್ಕೆ ಎರಡು ಒಳಲೆ ತುಂಬುವಷ್ಟು, 30 ಮಿ.ಲೀ. ಬಂದರೂ ಲೆಕ್ಕ ಸರಿಹೋಯಿತು. ಬಹಳ ತಾಯಂದಿರು ಬಟ್ಟಲಿನ ತಳ ನೋಡಿ 'ಇಷ್ಟೇನಾ' ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಒಂಬತ್ತನೇ ದಿನಕ್ಕೆ ಇಳಿದ ಹಾಲು ಮತ್ತೆ ಏರುತ್ತದೆ. ಮೂರು ಗಂಟೆಗೊಮ್ಮೆ, ರಾತ್ರಿಯೂ ಕನಿಷ್ಠ ಒಂದು ಸಲ ಎದ್ದು, ಎರಡೂ ಕಡೆ ಸೇರಿ 15-20 ನಿಮಿಷ ಹಿಂಡಬೇಕು. ಹಿಂಡುವ ಮೊದಲು ಸೋಪು ಹಾಕಿ ಕೈ ತೊಳೆದು, ಮೂಗು ಬಾಯಿಗೆ ಮಾಸ್ಕ್. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿಟ್ಟುಕೊಳ್ಳಿ. ಹಾಲನ್ನು ಮಾತ್ರ ಕುದಿಸಬೇಡಿ. ಫ್ರಿಜ್ಜಿನ ಒಳಭಾಗದಲ್ಲಿ (ಬಾಗಿಲಿನಲ್ಲಲ್ಲ) 24 ಗಂಟೆ ಇಡಬಹುದು, ಹೊರಗೆ ಇಟ್ಟರೆ ನಾಲ್ಕು ಗಂಟೆಯೊಳಗೆ ಬಳಸಬೇಕು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಅಗಲ ಬಾಯಿಯ ಫ್ಲಾಸ್ಕಿಗೆ ಐಸ್ ತುಂಬಿ ಅದರೊಳಗೆ ಹಾಲಿನ ಬಾಟಲಿ ಇಟ್ಟರೆ ಬಸ್ಸಿನಲ್ಲೇ ತರಬಹುದು. ಬಾಟಲಿಯ ಮೇಲೆ ತಾಯಿಯ ಹೆಸರು, ತಾರೀಖು, ಹಿಂಡಿದ ಗಂಟೆ ಬರೆದಿರಲಿ. ಹೀಗೆ ತಂದ ಹಾಲನ್ನು ತೆಗೆದುಕೊಳ್ಳುತ್ತೀರಾ ಎಂದು ಸಿಸ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ತಿಂಗಳು ತುಂಬದ ಮಕ್ಕಳಿಗೆ ಡಬ್ಬಿ ಹಾಲು ಕೊಟ್ಟಾಗ ಕರುಳು ಕೊಳೆಯುವ ಒಂದು ಕೆಟ್ಟ ಕಾಯಿಲೆಯ ಅಪಾಯ ಎದೆಹಾಲಿಗಿಂತ ಹೆಚ್ಚು. ಇದು ನಿಮ್ಮ ವೈದ್ಯರಿಗೂ ಗೊತ್ತು. ಹಾಲು ಬರುತ್ತಿಲ್ಲ ಎಂದು ತಿಳಿದೇ ಅವರು ಡಬ್ಬಿ ಬರೆದಿರಬಹುದು. 'ಹಾಲಿದೆ, ನಾಳೆಯಿಂದ ತಂದುಕೊಡುತ್ತೇವೆ' ಎಂದು ಹೇಳಿ.

ಇನ್ನು ಬಾಗಿಲಿನ ವಿಷಯ.

ಆಸ್ಪತ್ರೆಯವರ ಭಯದಲ್ಲಿ ಅರ್ಧ ನ್ಯಾಯವಿದೆ. ತಾಯಿಯ ಮೈಯಿಂದ ಮಗುವಿಗೆ ಪ್ರತಿಕಾಯಗಳು ಹೆಚ್ಚಾಗಿ ಇಳಿಯುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ನಿಮ್ಮ ಮಗು ಎಂಟನೇ ತಿಂಗಳಲ್ಲೇ ಬಂದಿದೆ, ಬುತ್ತಿ ಕಟ್ಟಿಕೊಳ್ಳುವ ಮುಂಚೆ ಊರು ಬಿಟ್ಟಂತೆ. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ದೊಡ್ಡವರಿಗೆ ನೆಗಡಿಯಾಗಿ ಹೋಗುವ ವೈರಸ್ ಈ ಮಕ್ಕಳಲ್ಲಿ ಉಸಿರನ್ನೇ ನಿಲ್ಲಿಸಬಲ್ಲದು. ಇದರ ಜೊತೆಗೆ ನಮ್ಮ ಕಡೆಯ ರೂಢಿಯೂ ಒಂದಿದೆ. ಮಗು ನೋಡಲು ಒಬ್ಬರೇ ಬರುವುದಿಲ್ಲ. ಭಾನುವಾರ ಊರಿನಿಂದ ಒಂದು ಟೆಂಪೋ ಬರುತ್ತದೆ. ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯವರು, ಅವರ ಕಂಕುಳಲ್ಲಿ ಮೂಗು ಸುರಿಸುವ ಇನ್ನೊಂದು ಮಗು. ಬಾಗಿಲಲ್ಲಿ ನಿಂತ ಸಿಸ್ಟರ್‌ಗೆ ಇವರಲ್ಲಿ ತಾಯಿ ಯಾರು, ಸೋದರತ್ತೆ ಯಾರು ಎಂದು ಬೇರ್ಪಡಿಸುವ ಪುರುಸೊತ್ತು ಇರುವುದಿಲ್ಲ. ಒಳಗೆ ನಾಲ್ಕೈದು ಮಕ್ಕಳನ್ನು ಒಬ್ಬಳೇ ನೋಡುತ್ತಿರುತ್ತಾಳೆ. 'ಯಾರೂ ಬೇಡ' ಎನ್ನುವುದು ಸುಲಭದ ಆದೇಶ.

ಸುಲಭ ಎಂದು ನಾನು ಹೇಳುವುದಕ್ಕೆ ಕಾರಣವಿದೆ. 2020ರಲ್ಲಿ, ಕೋವಿಡ್ ಕಾಲದಲ್ಲಿ, ನಾನು ಕೆಲಸ ಮಾಡುತ್ತಿದ್ದ ಘಟಕದ ಬಾಗಿಲಿಗೆ 'ಪೋಷಕರಿಗೆ ಪ್ರವೇಶವಿಲ್ಲ' ಎಂಬ ಚೀಟಿ ಅಂಟಿಸಲು ಒಪ್ಪಿದವರಲ್ಲಿ ನಾನೂ ಒಬ್ಬಳು. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ ಎನ್ನುವುದು ನಿಜ, ಆದರೆ ಗೊತ್ತಾದ ಮೇಲೂ ಆ ಚೀಟಿಯನ್ನು ತೆಗೆಯಲು ನಾವು ತಿಂಗಳುಗಟ್ಟಲೆ ತಡ ಮಾಡಿದೆವು. ಒಬ್ಬ ಹುಡುಗಿ ದಿನಾ ಬೆಳಿಗ್ಗೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಲು ತಂದು ಬಾಗಿಲ ಬಳಿ ಕೊಟ್ಟು ಹೋಗುತ್ತಿದ್ದಳು. ಇಪ್ಪತ್ತಮೂರನೇ ದಿನ ಮಗುವನ್ನು ಮನೆಗೆ ಕಳಿಸಲೆಂದು ಅವಳನ್ನು ಒಳಗೆ ಕರೆದೆವು. ವಾರ್ಮರ್ (ಮಗುವನ್ನು ಬೆಚ್ಚಗಿಡುವ ಯಂತ್ರ) ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಳು. 'ಸಿಸ್ಟರ್, ನಾನು ಎತ್ಕೋಬೋದಾ?' ಎಂದು ಕೇಳಿದಳು. ಅವಳ ಮಗುವನ್ನು ಎತ್ತಿಕೊಳ್ಳಲು ಅವಳು ನಮ್ಮ ಅಪ್ಪಣೆ ಕೇಳುತ್ತಿದ್ದಳು.

ಆಮೇಲೆ ಬಂದ ಲೆಕ್ಕಗಳು ನಮ್ಮನ್ನು ಇನ್ನೂ ಚೆನ್ನಾಗಿ ಬೈದವು. 62 ದೇಶಗಳ ಆರೋಗ್ಯ ಸಿಬ್ಬಂದಿಯನ್ನು ಕೇಳಿದಾಗ, ಕೋವಿಡ್ ಇರುವ ಅಥವಾ ಇರಬಹುದಾದ ತಾಯಿಗೆ ಮಗುವನ್ನು ಮೈಗೆ ತಾಗಿಸಿಕೊಳ್ಳಲು ಬಿಡುತ್ತಿಲ್ಲ ಎಂದು ಮೂರರಲ್ಲಿ ಎರಡು ಪಾಲು ಜನ ಹೇಳಿದರು. ಅದೇ ಹೊತ್ತಿಗೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರೂ ಸೇರಿ ಒಂದು ಅಂದಾಜು ಪ್ರಕಟಿಸಿದರು. ಕಾಂಗರೂ ಆರೈಕೆ, ಅಂದರೆ ಮಗುವನ್ನು ಹೀಗೆ ಮೈಗೆ ತಾಗಿಸಿಕೊಳ್ಳುವುದು, ಎಲ್ಲ ಕಡೆ ಸಿಕ್ಕರೆ ಉಳಿಯಬಹುದಾದ ಶಿಶುಗಳು 1,25,000ಕ್ಕೂ ಹೆಚ್ಚು. ತಾಯಂದಿರನ್ನು ಒಳಗೆ ಬಿಟ್ಟದ್ದರಿಂದ ಕೋವಿಡ್ ತಗುಲಿ ಸಾಯಬಹುದಾದವು 2,000ಕ್ಕೂ ಕಡಿಮೆ. ಸೋಂಕಿಗೆ ಹೆದರಿ ಬಾಗಿಲು ಮುಚ್ಚಿದ ನಾವು ದೊಡ್ಡ ಅಪಾಯವನ್ನು ಒಳಗೇ ಬಿಟ್ಟುಕೊಂಡಿದ್ದೆವು.

ಕಾಂಗರೂ ಆರೈಕೆ ಗೊತ್ತಿಲ್ಲದವರಿಗೆ ಒಂದು ಮಾತು. ಡೈಪರ್ ಮತ್ತು ಟೋಪಿ ಮಾತ್ರ ಹಾಕಿದ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ, ಮೇಲೆ ಬಟ್ಟೆ ಸುತ್ತಿ, ಗಂಟೆಗಟ್ಟಲೆ ಹಾಗೇ ಇಡುವುದು. ವಾರ್ಮರ್ ಸಾಕಾಗದ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ 1978ರಲ್ಲಿ ಶುರುವಾದದ್ದು. ಬಡವರ ಉಪಾಯ ಎಂದು ಬಹಳ ಕಾಲ ಅಸಡ್ಡೆಯಿತ್ತು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ದೊಡ್ಡ ಅಧ್ಯಯನ ಬಂತು. ನಮ್ಮ ದೇಶದಿಂದ ಭಾಗವಹಿಸಿದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕೆ.ಜಿ.ಯಿಂದ 1.8 ಕೆ.ಜಿ.ವರೆಗಿನ ಮಕ್ಕಳು, ಅಂದರೆ ನಿಮ್ಮ ಮಗನಂಥವರೇ. ಹುಟ್ಟಿದ ಕೂಡಲೇ ತಾಯಿಯನ್ನು ಒಳಗೇ ಇಟ್ಟುಕೊಂಡು ಎದೆಯ ಮೇಲೆ ಮಲಗಿಸಿದ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡವರು ನೂರಕ್ಕೆ 12. ಹಳೆಯ ಪದ್ಧತಿಯಂತೆ ಮಗು ಸುಧಾರಿಸಿದ ಮೇಲೆ ಶುರುಮಾಡಿದ ಗುಂಪಿನಲ್ಲಿ ನೂರಕ್ಕೆ 15.7. ನಂಜು, ಅಂದರೆ ಸೋಂಕು ರಕ್ತಕ್ಕೆ ಇಳಿಯುವುದು, ಇದೂ ಮೊದಲ ಗುಂಪಿನಲ್ಲೇ ಕಡಿಮೆ. ತಾಯಂದಿರು ಹಗಲೂ ರಾತ್ರಿ ಒಳಗಿದ್ದ ಕಡೆ ಸೋಂಕು ಕಡಿಮೆ! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಾಯಿಸಿತು.

ಇದು ಹೇಗೆ ಸಾಧ್ಯ ಎಂದು ಅನ್ನಿಸಬಹುದು. ಎನ್‌ಐಸಿಯುನಲ್ಲಿ ಮಕ್ಕಳನ್ನು ನಿಜವಾಗಿ ಕೊಲ್ಲುವ ರೋಗಾಣುಗಳು ಊರಿನಿಂದ ಬರುವಂಥವಲ್ಲ, ಆಸ್ಪತ್ರೆಯಲ್ಲೇ ನೆಲೆಸಿರುವಂಥವು. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ ಮಕ್ಕಳ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ ಈ ಮೂರೇ. ಇವು ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ನಮ್ಮ ಕೈ ಮೇಲೆ, ವೈದ್ಯರು ಮತ್ತು ನರ್ಸ್‌ಗಳ ಕೈ ಮೇಲೆ. ಒಮ್ಮೆ ನಮ್ಮಲ್ಲಿ ಒಂದೇ ವಾರದಲ್ಲಿ ನಾಲ್ಕು ಮಕ್ಕಳಿಗೆ ಕ್ಲೆಬ್ಸಿಯೆಲ್ಲಾ ಬಂತು. ಮೊದಲು ಮಾಡಿದ್ದೇ ತಾಯಂದಿರನ್ನು ಹೊರಗಿಟ್ಟಿದ್ದು. ಆಮೇಲೆ ಮೂಲೆ ಮೂಲೆಯಿಂದ ಸ್ವಾಬ್ ತೆಗೆದಾಗ ಸಿಕ್ಕಿದ್ದು ಆಕ್ಸಿಜನ್ ಹ್ಯುಮಿಡಿಫೈಯರ್ (ಆಕ್ಸಿಜನ್ನಿಗೆ ತೇವ ಕೊಡುವ ಸಾಧನ) ಬಾಟಲಿಯ ನೀರಿನಲ್ಲಿ. ಆ ಬಾಟಲಿಯನ್ನು ಯಾವ ತಾಯಿಯೂ ಮುಟ್ಟಿರಲಿಲ್ಲ. ತಾಯಿ ನಾಲ್ಕು ಮಕ್ಕಳನ್ನು ಮುಟ್ಟುವುದಿಲ್ಲ, ತನ್ನ ಒಂದನ್ನೇ ಮುಟ್ಟುತ್ತಾಳೆ. ಅವಳ ಚರ್ಮದ ಸಾಧು ಬ್ಯಾಕ್ಟೀರಿಯಾಗಳು ಮಗುವಿನ ಮೈಮೇಲೆ ಮೊದಲೇ ಜಾಗ ಹಿಡಿದರೆ ಆಸ್ಪತ್ರೆಯ ಪುಂಡರಿಗೆ ಜಾಗ ಕಡಿಮೆ. ವಾರ್ಡಿನೊಳಗೆ ಓಡಾಡುವ ತಾಯಿಯ ಮೈ ಅಲ್ಲಿನ ರೋಗಾಣುಗಳಿಗೇ ಪ್ರತಿಕಾಯ ತಯಾರಿಸಿ ಹಾಲಿನಲ್ಲಿ ಕಳಿಸುತ್ತದೆ.

ಹಾಗಂತ ಫ್ಲೂ ವಿಷಯದಲ್ಲಿ ಇದೇ ಮಾತನ್ನು ಪೂರ್ತಿ ಒಪ್ಪಿಸಲು ಬರುವುದಿಲ್ಲ. ಉಸಿರಿನ ವೈರಸ್‌ಗಳು ಹೊರಗಿನಿಂದಲೇ ಬರುತ್ತವೆ, ತಂದೆ ತಾಯಿಯೂ ತರಬಹುದು, ಸಿಬ್ಬಂದಿಯೂ ತರಬಹುದು. ಆದ್ದರಿಂದ ಜ್ವರದ ಕಾಲದಲ್ಲಿ ಬಾಗಿಲಲ್ಲಿ ತಪಾಸಣೆ ಬೇಕೇ ಬೇಕು. ಜ್ವರ ಇದೆಯಾ, ಕೆಮ್ಮು ಇದೆಯಾ, ಮನೆಯಲ್ಲಿ ಯಾರಿಗಿದೆ ಎಂದು ದಿನವೂ ಕೇಳಬೇಕು. ನೆಂಟರನ್ನು ನಿಲ್ಲಿಸಬೇಕು. ಅಣ್ಣ ಅಕ್ಕಂದಿರನ್ನು, ಅಂದರೆ ನಿಮ್ಮ ದೊಡ್ಡ ಮಗಳನ್ನು, ಖಂಡಿತ ನಿಲ್ಲಿಸಬೇಕು. ನನ್ನ ತಕರಾರು ಇಷ್ಟೇ: ಈ ಜರಡಿಯಲ್ಲಿ ತಾಯಿಯನ್ನೂ ನೆಂಟರ ಜೊತೆ ಸೋಸಿ ಹಾಕಬಾರದು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ ನವಜಾತ ಶಿಶು ಘಟಕಗಳಿಗೆ ಕುಟುಂಬದ ಪಾಲ್ಗೊಳ್ಳುವಿಕೆಯ ಮಾರ್ಗಸೂಚಿ ಕೊಟ್ಟಿದೆ. ತಂದೆ ತಾಯಿಗೆ ಕೈ ತೊಳೆಯುವುದು, ಹಾಲು ಕುಡಿಸುವುದು, ಕಾಂಗರೂ ಆರೈಕೆ, ಅಪಾಯದ ಲಕ್ಷಣ ಗುರುತಿಸುವುದು ಇಷ್ಟನ್ನು ಕಲಿಸಿ ಒಳಗೆ ಸೇರಿಸಿಕೊಳ್ಳಿ ಎನ್ನುತ್ತದೆ ಅದು. ಬರೆದದ್ದು ಸರ್ಕಾರಿ ಘಟಕಗಳಿಗಾಗಿ, ಆದರೆ ಮಕ್ಕಳ ವೈದ್ಯರಿಗೆಲ್ಲ ಪರಿಚಯವಿರುವ ದಾಖಲೆ. ನಿಮ್ಮ ವೈದ್ಯರ ಮುಂದೆ ಅದರ ಹೆಸರೆತ್ತಿದರೆ ತಪ್ಪಿಲ್ಲ.

ಈಗ ನಿಮ್ಮ ಮನೆಯ ಸ್ಥಿತಿಗೆ ಬರೋಣ. ನಿಮ್ಮ ಶ್ರೀಮತಿಗೆ ಎರಡು ದಿನದ ನೆಗಡಿ, ಜ್ವರವಿಲ್ಲ. ಊರಿನಲ್ಲಿ ಫ್ಲೂ ಇರುವಾಗ ಇದನ್ನು ಬರೀ ನೆಗಡಿ ಎಂದು ತಳ್ಳಿಹಾಕುವಂತಿಲ್ಲ. ಮಂಡ್ಯದಲ್ಲೇ ಯಾವುದಾದರೂ ವೈದ್ಯರಿಗೆ ಇವತ್ತೇ ತೋರಿಸಿ. ಬಾಣಂತಿ, ಮಗು ಎನ್‌ಐಸಿಯುನಲ್ಲಿದೆ ಎಂದು ಹೇಳಿ. ಫ್ಲೂ ಎಂದಾದರೆ ಒಸೆಲ್ಟಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ, ಹಾಲೂಡಿಸುವ ತಾಯಿಗೆ ಅದು ಅಡ್ಡಿಯಿಲ್ಲ. ದೊಡ್ಡವರು ಫ್ಲೂ ಹರಡುವುದು ಲಕ್ಷಣ ಕಾಣುವ ಹಿಂದಿನ ದಿನದಿಂದ ಸುಮಾರು ಐದಾರು ದಿನದವರೆಗೆ. ಅಂದರೆ ಅವರು ಇನ್ನು ಮೂರು ನಾಲ್ಕು ದಿನ ಹೊರಗಿರುವುದನ್ನು ನಾನೇ ಆ ಘಟಕದಲ್ಲಿದ್ದರೂ ಕೇಳುತ್ತಿದ್ದೆ. ಪರೀಕ್ಷೆಯಲ್ಲಿ ಫ್ಲೂ ಇಲ್ಲವೆಂದು ಬಂದು, ಕೆಮ್ಮು ಇಲ್ಲದೆ ಬರೀ ಮೂಗು ಸೋರುತ್ತಿದ್ದರೆ ಮೂರು ಪದರದ ಮಾಸ್ಕ್ ಹಾಕಿಸಿ ಒಳಗೆ ಬಿಡುತ್ತಿದ್ದೆ. ಇದರಲ್ಲಿ ವೈದ್ಯರಿಂದ ವೈದ್ಯರಿಗೆ ಒಂದೆರಡು ದಿನ ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೆ ಜಗಳ ಬೇಡ. ಗಡುವಿಲ್ಲದ 'ಇಲ್ಲ'ವನ್ನು ಮಾತ್ರ ಒಪ್ಪಿಕೊಳ್ಳಬೇಡಿ.

ಅಲ್ಲಿಯವರೆಗೆ ನೀವಿದ್ದೀರಲ್ಲ! ನಿಮಗೆ ಕೆಮ್ಮು ಜ್ವರ ಇಲ್ಲದಿದ್ದರೆ ಗಾಜಿನಾಚೆ ಐದು ನಿಮಿಷ ನಿಲ್ಲುವ ಕೆಲಸ ಬಿಟ್ಟು ಕಾಂಗರೂ ಆರೈಕೆಗೆ ನಿಮ್ಮ ಎದೆ ಕೊಡಿ. ಗಂಡಸಿನ ಎದೆಯಲ್ಲೂ ಅದೇ ಬಿಸಿ ಇದೆ. ಎದೆಯ ಕೂದಲು ತೆಗೆಸಬೇಕಾ ಎಂದು ನಾಚಿಕೊಂಡು ಕೇಳುವ ತಂದೆಯರಿದ್ದಾರೆ. ಬೇಡ, ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು ಬಂದರೆ ಸಾಕು. ಬೀಡಿ ಸಿಗರೇಟು ಸೇದುವವರಾದರೆ ಈ ತಿಂಗಳು ಬಿಡಿ. ಒಂದು ಎಚ್ಚರಿಕೆ: ಮಗಳಿಗೆ ಕೆಮ್ಮಿದೆ ಎಂದಿದ್ದೀರಿ. ನೀವು ಮೈಸೂರಿಗೆ ಹೋಗಿ ಬರುವಷ್ಟು ದಿನ ಅವಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಬೇಡಿ, ಅವಳ ಮೂಗು ಒರೆಸುವ ಕೆಲಸ ಬೇರೆಯವರು ಮಾಡಲಿ. ಮನೆಯಲ್ಲಿ ಕೆಮ್ಮಿರುವುದನ್ನು ಬಾಗಿಲಲ್ಲಿ ಮುಚ್ಚಿಡಬೇಡಿ. ಸುಳ್ಳು ಹೇಳಿ ಒಳಬಂದ ಒಬ್ಬ ತಂದೆಯಿಂದಾಗಿ ಹತ್ತು ತಾಯಂದಿರ ಪಾಲಿಗೆ ಬಾಗಿಲು ಮುಚ್ಚುತ್ತದೆ.

ಕೇಳುವ ರೀತಿಯ ಬಗ್ಗೆಯೂ ಹೇಳಬೇಕು. ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಮುಖ್ಯ ವೈದ್ಯರನ್ನು ಕಾಣಿ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ, ಬಾಗಿಲಲ್ಲಿ ನಿಂತ ಆಯಾ ಅಥವಾ ಸೆಕ್ಯುರಿಟಿಯವರ ಹತ್ತಿರ ಕೇಳಿದರೆ 'ಇಲ್ಲ' ಬಿಟ್ಟು ಬೇರೆ ಉತ್ತರ ಕೊಡುವ ಅಧಿಕಾರ ಅವರಿಗಿಲ್ಲ. 'ಸರ್, ರೂಲ್ಸ್ ಮುರೀರಿ ಅಂತ ಕೇಳ್ತಿಲ್ಲ. ಏನೇನು ಷರತ್ತು ಹಾಕಿ ತಾಯಿನ ಬಿಡ್ತೀರಿ ಹೇಳಿ, ಅಷ್ಟನ್ನೂ ಪಾಲಿಸ್ತೀವಿ. ಅಲ್ಲಿವರೆಗೆ ನಾನು ಕಾಂಗರೂ ಮಾಡ್ತೀನಿ, ಕಲಿಸಿಕೊಡಿ' ಎನ್ನಿ. ಒಳಗಿನ ಮಕ್ಕಳಲ್ಲಿ ಯಾರಿಗಾದರೂ ಫ್ಲೂ ಬಂದಿದೆಯೇ ಅಥವಾ ಇದು ಊರಿನ ಜ್ವರಕ್ಕೆ ಮುನ್ನೆಚ್ಚರಿಕೆಯೇ, ಈ ಆದೇಶವನ್ನು ಮತ್ತೆ ಯಾವತ್ತು ನೋಡುತ್ತೀರಿ, ಈ ಎರಡನ್ನು ಕೇಳಿ ಉತ್ತರ ಬರೆದುಕೊಳ್ಳಿ. ಇಂಥ ತಂದೆಗೆ ಇಲ್ಲ ಎನ್ನುವುದು ನನಗಂತೂ ಕಷ್ಟವಾಗುತ್ತಿತ್ತು. ಏನೂ ಆಗದಿದ್ದರೆ ವೈದ್ಯಕೀಯ ಅಧೀಕ್ಷಕರಿಗೆ ಒಂದು ಪುಟದ ಅರ್ಜಿ, ಅದಕ್ಕೂ ಮೀರಿದರೆ ಜಿಲ್ಲಾ ಆರೋಗ್ಯಾಧಿಕಾರಿ ಅಥವಾ 104 ಸಹಾಯವಾಣಿ. ಮಗು ಇನ್ನೂ ಅವರ ಕೈಯಲ್ಲಿರುವಾಗ ದೂರಿನ ದಾರಿ ಕೊನೆಯದಾಗಿರಲಿ.

ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇವೆ ಎಂದರೆ ಬೇಡ ಎನ್ನಬೇಡಿ. ಮಗುವಿನ ಮುಖ ನೋಡಿದ ಮೇಲೆ ಹಿಂಡಿದರೆ ಹಾಲು ಹೆಚ್ಚು ಬರುತ್ತದೆ ಎಂದು ತಾಯಂದಿರೇ ಹೇಳುತ್ತಾರೆ. ಆದರೆ ಅದು ತಾಯಿಗೆ ಸಮಾಧಾನವೇ ಹೊರತು ಮಗುವಿಗೆ ಆರೈಕೆಯಲ್ಲ, ಅಷ್ಟಕ್ಕೇ ಒಪ್ಪಿ ಕೂರಬೇಡಿ.

ಬೇರೆ ಆಸ್ಪತ್ರೆಗೆ ಸೇರಿಸುವ ಯೋಚನೆ ಇದೊಂದೇ ಕಾರಣಕ್ಕಾದರೆ ನನಗೆ ಸರಿಕಾಣುವುದಿಲ್ಲ. 1.4 ಕೆ.ಜಿ. ಮಗುವನ್ನು ಸಾಗಿಸುವಾಗ ಮೈ ತಣ್ಣಗಾಗಬಹುದು, ನಳಿಕೆ ಜಾರಬಹುದು. ಅಲ್ಲಿ ಹೋದ ಮೇಲೆ ಬೇರೆ ವಾರ್ಡಿನ ರೋಗಾಣುಗಳ ಜೊತೆ ಹೊಸ ಪರಿಚಯ ಶುರುವಾಗುತ್ತದೆ. ಆ ಆಸ್ಪತ್ರೆಯಲ್ಲೂ ಇದೇ ಚೀಟಿ ಅಂಟಿಸಿದ್ದರೆ? ಹೋಗಲೇಬೇಕೆಂದರೆ ತಾಯಿಯನ್ನು ಬಿಡುತ್ತೀರಾ, ತಾಯಂದಿರು ಉಳಿಯಲು ಜಾಗ ಇದೆಯಾ ಎಂದು ಮೊದಲು ಅಲ್ಲಿ ಕೇಳಿ, ಹಾಸಿಗೆ ಖಾತ್ರಿಯಾದ ಮೇಲೆ ಶಿಶು ಸಾಗಿಸುವ ಸೌಕರ್ಯವಿರುವ ಆಂಬುಲೆನ್ಸ್‌ನಲ್ಲಿ ಮಾತ್ರ ಹೋಗಿ.

ಬರೆದುಕೊಟ್ಟು ಮನೆಗೆ ಕರೆತರುವುದು ಬೇಡವೇ ಬೇಡ. ನಿಮ್ಮ ಮಾವನವರಿಗೆ ನನ್ನ ಹೆಸರು ಹೇಳಿಯೇ ತಿಳಿಸಿ. ಈ ಮಕ್ಕಳು ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆಯುತ್ತವೆ. ಒಳಗೆ ಮಾನಿಟರ್ ಕಿರುಚಿದಾಗ ಸಿಸ್ಟರ್ ಬಂದು ಅಂಗಾಲು ತಟ್ಟುತ್ತಾರೆ, ಉಸಿರು ಶುರುವಾಗುತ್ತದೆ. ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಕಿರುಚಲು ಏನೂ ಇರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಸುಮಾರು 34 ವಾರ ಆಗಬೇಕು. ಅದಕ್ಕೆ ಮುಂಚೆ ಒಳಲೆಯಲ್ಲಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಇನ್ನೊಂದು ವಿಷಯವನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ: ಹುಟ್ಟಿದ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು. ಮಗು ಎಲ್ಲೇ ಇರಲಿ, ಎಷ್ಟೇ ಗುಂಡಾಗಿರಲಿ.

ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಊರಿನಲ್ಲಿ ಯಾರಾದರೂ ಈಗಾಗಲೇ ಹೇಳಿರುತ್ತಾರೆ. ಶುದ್ಧ ಸುಳ್ಳು. ಒಂದೊಂದು ವಾರ ಹೆಚ್ಚು ಗರ್ಭದಲ್ಲಿದ್ದಷ್ಟೂ ಒಳ್ಳೆಯದೇ. ಪುರುಡು ಕಳೆಯುವವರೆಗೆ ತಂದೆ ಮುಟ್ಟಬಾರದು ಎನ್ನುವವರಿಗೆ, ಆಸ್ಪತ್ರೆಯಲ್ಲಿರುವ ಮಗುವಿಗೆ ಅದನ್ನು ಹಚ್ಚಬೇಡಿ ಎಂದು ಕೈಮುಗಿದು ಹೇಳಿ. ಕರ್ಪೂರ ಕಟ್ಟಿದ ಬಟ್ಟೆ, ಸಾಂಬ್ರಾಣಿ ಹೊಗೆ ಹಾಕಿದ ಕುಲಾವಿ, ಕಾಡಿಗೆ ಇವು ಒಳಗೆ ಬರುವಂತಿಲ್ಲ.

ಫ್ಲೂ ಬಿಟ್ಟು ಬೇರೆ ಕಾಯಿಲೆಗಳಲ್ಲಿ ಲೆಕ್ಕ ಬೇರೆಯಾಗುತ್ತದೆ, ಇದನ್ನು ಓದುವ ಉಳಿದವರಿಗಾಗಿ ಹೇಳುತ್ತೇನೆ. ಡೆಂಗಿ ಮುಟ್ಟಿದರೆ ಬರುವುದಿಲ್ಲ, ಸೊಳ್ಳೆಯೇ ಬೇಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತೆಂದ ಮಾತ್ರಕ್ಕೆ ಡೆಂಗಿಯಾದ ತಾಯಿಯನ್ನು ಮಗುವಿನಿಂದ ದೂರ ಇಡಲು ಕಾರಣವಿಲ್ಲ. ಹೆರಿಗೆಯ ಹೊತ್ತಿಗೇ ತಾಯಿಗೆ ಜ್ವರವಿದ್ದರೆ ಮಗುವಿನ ಮೇಲೂ ಕಣ್ಣಿಡಬೇಕು, ಅಷ್ಟೇ. ಸೀತಾಳೆ ಸಿಡುಬು, ನಮ್ಮ ಕಡೆ 'ಅಮ್ಮ' ಎನ್ನುವುದು, ನಿಜಕ್ಕೂ ಹೆದರಬೇಕಾದದ್ದು. ಹೆರಿಗೆಗೆ ಐದು ದಿನ ಮುಂಚಿನಿಂದ ಎರಡು ದಿನ ಆಮೇಲಿನವರೆಗೆ ತಾಯಿಗೆ ಗುಳ್ಳೆ ಎದ್ದರೆ ಮಗುವಿಗೆ ತುರ್ತಾಗಿ ಪ್ರತಿಕಾಯದ ಚುಚ್ಚುಮದ್ದು ಬೇಕು. ಅಮ್ಮ ಬಂದಿದೆ, ಆಸ್ಪತ್ರೆಗೆ ಹೇಳಬಾರದು ಎಂದು ಬೇವಿನ ಸೊಪ್ಪು ಸಿಕ್ಕಿಸಿ ಸುಮ್ಮನಾದರೆ ಆ ಹೊತ್ತು ದಾಟಿಹೋಗುತ್ತದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ತಾಯಿ ಹೊರಗಿರಬೇಕು. ದಡಾರವಾದರೆ ಗಂದೆ ಎದ್ದು ನಾಲ್ಕು ದಿನ ಕಳೆಯಬೇಕು. ಟಿ.ಬಿ. ಇರುವ ತಾಯಿಗೆ ಚಿಕಿತ್ಸೆ, ಮಗುವಿಗೆ ತಡೆ ಔಷಧ ಎರಡೂ ಶುರುವಾದ ಮೇಲೆ ಮಾಸ್ಕ್ ಹಾಕಿಕೊಂಡು ಹಾಲೂಡಿಸಬಹುದು. ಮಾಮೂಲು ಔಷಧಕ್ಕೆ ಜಗ್ಗದ ಟಿ.ಬಿ. ಆದರೆ ಆ ಮಾತು ಬೇರೆ. ಜನ ಸಸಾರ ಮಾಡುವ ಮದ್ರಾಸ್ ಐ ಮತ್ತು ತುಟಿಯ ಮೇಲೇಳುವ ಜ್ವರದ ಗುಳ್ಳೆ ಎರಡನ್ನೂ ನಾವು ಎನ್‌ಐಸಿಯುನಲ್ಲಿ ಫ್ಲೂನಷ್ಟೇ ಗಂಭೀರವಾಗಿ ನೋಡುತ್ತೇವೆ. ಕಣ್ಣು ಕೆಂಪಾದವರು ವಾಸಿಯಾಗುವವರೆಗೆ ಯಾರೇ ಆಗಲಿ ಒಳಗೆ ಬರುವಂತಿಲ್ಲ, ವೈದ್ಯರೂ ಸೇರಿ. ಗುಳ್ಳೆಯಿದ್ದವರು ಮುದ್ದು ಕೊಡುವಂತಿಲ್ಲ.

ತಾಯಿ ಒಳಗೆ ಹೋಗುವ ದಿನ ಬಾಗಿಲಲ್ಲಿ ಒಂದು ಸಣ್ಣ ರಗಳೆ ಆಗಬಹುದು, ಮೊದಲೇ ತಿಳಿದಿರಲಿ. ಮೊಣಕೈ ಕೆಳಗೆ ಏನೂ ಇರಬಾರದು. ಉಂಗುರ, ವಾಚು, ದಾರ, ಬಳೆ ಯಾವುದೂ. ಎಷ್ಟು ಉಜ್ಜಿದರೂ ಅವುಗಳ ಕೆಳಗೆ ಕೊಳೆ ಉಳಿಯುತ್ತದೆ. ಸೀಮಂತಕ್ಕೆ ತೊಡಿಸಿದ ಹಸಿರು ಗಾಜಿನ ಬಳೆ ತೆಗೆಯಲು ಬಾಣಂತಿಯರು ಒಪ್ಪುವುದಿಲ್ಲ, ಒಪ್ಪಿದರೂ ಹಿಂದೆ ನಿಂತ ಅಜ್ಜಿ ಒಪ್ಪುವುದಿಲ್ಲ. ಬರಿಗೈ ಅಂದರೆ ಅಪಶಕುನ. ನಮ್ಮಲ್ಲಿ ಮಳವಳ್ಳಿ ಕಡೆಯ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಜಗಳಕ್ಕೇ ಹೋಗುತ್ತಿರಲಿಲ್ಲ. ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಒಡೆಯದಂತೆ ಜಾರಿಸಿ, ಅದೇ ತಾಯಿಯ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ, 'ನೋಡಿ ಅಜ್ಜಿ, ಮೈಮೇಲೇ ಅವೆ' ಎನ್ನುತ್ತಿದ್ದರು. ಆಮೇಲೆ ಎರಡು ನಿಮಿಷ ಮೊಣಕೈವರೆಗೆ ತೊಳೆಸುತ್ತಿದ್ದರು, ಬೆರಳ ಸಂದು, ಉಗುರ ತುದಿ, ಹೆಬ್ಬೆರಳ ಬುಡ ಬಿಡದೆ. ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡರೆ ಮತ್ತೆ ಮೊದಲಿನಿಂದ. ಒಳಗೆ ಹೋದ ಮೇಲೆ ಫೋನ್ ಮುಟ್ಟಿದರೂ ಅಷ್ಟೇ. ನಿಮಗೂ ಇದೇ ನಿಯಮ. ಗ್ಲೌಸ್ ಕೇಳಬೇಡಿ, ತೊಳೆದ ಬರಿಗೈ ಅದಕ್ಕಿಂತ ವಾಸಿ.

ದಿನಾ ಹೋಗಿ ಬರುವ ಕಷ್ಟ ನನಗೆ ಗೊತ್ತು. ಶಕ್ತಿ ಯೋಜನೆಯಲ್ಲಿ ನಿಮ್ಮ ಶ್ರೀಮತಿಗೆ ಬಸ್ಸಿನ ಖರ್ಚಿಲ್ಲ, ಆದರೆ ಹೊಲಿಗೆ ಮಾಗದ ಹೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ನಿಲ್ಲಲಾಗುವುದಿಲ್ಲ. ಒಳಗೆ ಬಿಡುವ ದಿನ ಗೊತ್ತಾದ ಕೂಡಲೇ ಆಸ್ಪತ್ರೆಯಲ್ಲಿ ತಾಯಂದಿರಿಗೆ ಹಾಸಿಗೆ ಇದೆಯಾ ವಿಚಾರಿಸಿ, ಇಲ್ಲದಿದ್ದರೆ ಮೈಸೂರಿನಲ್ಲಿ ಪರಿಚಯದವರ ಮನೆಯಲ್ಲಿ ಎರಡು ವಾರ ಉಳಿಸಿ. ಬಾಣಂತನ ಅಲ್ಲೂ ನಡೆಯುತ್ತದೆ.

ಕೊನೆಗೆ, ಅವರು ರಾತ್ರಿ ಕೇಳುವ ಪ್ರಶ್ನೆ. ಮರೆಯುವುದಿಲ್ಲ. ಆರೇಳನೇ ತಿಂಗಳಿನಿಂದಲೇ ಮಗು ಹೊಟ್ಟೆಯೊಳಗೆ ಅವರ ದನಿ ಕೇಳಿಸಿಕೊಂಡಿದೆ, ಬೇರೆ ಹೆಂಗಸರ ದನಿಯಿಂದ ಅದನ್ನು ಬೇರ್ಪಡಿಸಲು ನವಜಾತ ಶಿಶುವಿಗೆ ಬರುತ್ತದೆ. ಹಾಲಿನ ವಾಸನೆಯೂ ಗೊತ್ತಾಗುತ್ತದೆ. ಒಳಗೆ ಹೋದಾಗ ಅವರು ಮಗುವನ್ನು ಸವರಬಾರದು, ತಟ್ಟಬಾರದು, ತೆಳು ಚರ್ಮಕ್ಕೆ ಅದು ಹಿಂಸೆ. ಒಂದು ಅಂಗೈಯನ್ನು ತಲೆಯ ಮೇಲೆ, ಇನ್ನೊಂದನ್ನು ಮಡಿಸಿದ ಕಾಲುಗಳ ಮೇಲೆ ಅಲುಗಿಸದೆ ಇಟ್ಟು, ಮಾಸ್ಕ್ ಒಳಗಿಂದಲೇ ಮೆಲ್ಲಗೆ ಮಾತಾಡಲಿ. ಏನು ಮಾತಾಡಲಿ ಎಂದು ಕೇಳುತ್ತಾರೆ. ಈ ಮಗು ಹೊಟ್ಟೆಯಲ್ಲಿದ್ದಾಗ ದೊಡ್ಡ ಮಗಳನ್ನು ಹೇಗೆ ಕೂಗುತ್ತಿದ್ದರೋ ಅದೇ ಹೆಸರು ಹೇಳಿ, ಅಕ್ಕ ಕಾಯ್ತಿದ್ದಾಳೆ ಎಂದರೂ ಸಾಕು. ಆಗ ಮಾನಿಟರ್ ಕಡೆ ನೋಡಬೇಡಿ, ಅದನ್ನು ಸಿಸ್ಟರ್ ನೋಡಿಕೊಳ್ಳುತ್ತಾರೆ. ಮಗುವಿನ ಬೆರಳುಗಳನ್ನು ನೋಡಿ. ಬಿಚ್ಚಿ ಹರಡಿಕೊಂಡಿದ್ದ ಬೆರಳುಗಳು ಒಂದೆರಡು ನಿಮಿಷದಲ್ಲಿ ಮಡಿಚಿಕೊಳ್ಳುತ್ತವೆ.